ಇಳಿದ ಮೇಲೆ ಎಡವಿದ ವಿಮಾನ: ‘ರನ್‌ವೇ 34’ ಬಗ್ಗೆ ಕರಾವಳಿಯಲ್ಲಿ ಒಮ್ಮತ ಏಕಿಲ್ಲ?

ಈದ್ ರಜೆಯನ್ನು ನೋಡಿಕೊಂಡು 2022ರ ಏಪ್ರಿಲ್ 29ರಂದು ತೆರೆಕಂಡ ಹಿಂದಿ ಚಿತ್ರ ‘ರನ್‌ವೇ 34’ ಚಿತ್ರಮಂದಿರಗಳಲ್ಲಿ ಹೆಚ್ಚು ದಿನ ಬಾಳಲಿಲ್ಲ. ಅಜಯ್ ದೇವಗನ್ ಅವರೇ ನಿರ್ದೇಶಿಸಿ ನಟಿಸಿದ್ದರು, ಎದುರಿಗೆ ಅಮಿತಾಭ್ ಬಚ್ಚನ್ ಇದ್ದರು. ಆದರೂ ಮೊದಲ ದಿನ ಬಂದದ್ದು ಸುಮಾರು 3 ಕೋಟಿ ರೂಪಾಯಿ ಮಾತ್ರ. ಅದೇ ಶುಕ್ರವಾರ, ಬಿಡುಗಡೆಯಾಗಿ ಎರಡು ವಾರ ಕಳೆದಿದ್ದ ‘ಕೆಜಿಎಫ್ 2’ರ ಹಿಂದಿ ಆವೃತ್ತಿ ಅದಕ್ಕಿಂತ ಹೆಚ್ಚು ಗಳಿಸಿತು.

ಸೋತ ಚಿತ್ರದ ಮಾತು ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಇದರ ವಿಷಯದಲ್ಲಿ ಹಾಗಾಗಲಿಲ್ಲ. ಒಟಿಟಿಗೆ ಬಂದ ಮೇಲೆ ಹೊಸ ಪ್ರೇಕ್ಷಕರು ಸಿಕ್ಕರು, ವಾದವೂ ಹೊಸದಾಗಿ ಶುರುವಾಯಿತು. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಪತನವಾದ ಬಳಿಕ ಪೈಲಟ್, ಕಾಕ್‌ಪಿಟ್ ಸಂಭಾಷಣೆ, ತನಿಖಾ ವರದಿ ಎಲ್ಲವೂ ಮನೆಮಾತಾದವು. ವಿಮಾನದ ಕಥೆಯುಳ್ಳ ಚಿತ್ರಗಳನ್ನು ನೋಡುವ ಕಣ್ಣೂ ಬದಲಾಯಿತು. ಗೊಂದಲ ಇಲ್ಲೇ ಇದೆ. ಚಿತ್ರ ಹಿಡಿಸಲಿಲ್ಲ ಎನ್ನುವವರೂ ಮೊದಲರ್ಧವನ್ನು ಮೆಚ್ಚುತ್ತಾರೆ. ಹಿಡಿಸಿತು ಎನ್ನುವವರೂ ಕೊನೆಯ ಒಂದು ಗಂಟೆಯ ಬಗ್ಗೆ ಮಾತು ಬಂದರೆ ತಡವರಿಸುತ್ತಾರೆ. ಮಂಗಳೂರು, ಉಡುಪಿಯ ಮಟ್ಟಿಗೆ ಈ ಭಿನ್ನಾಭಿಪ್ರಾಯಕ್ಕೆ ಇನ್ನೊಂದು ಪದರವಿದೆ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇಯನ್ನು ಬಲ್ಲ ಊರಿಗೆ ವಿಮಾನ ಇಳಿಯುವ ಕಥೆ ಬರೀ ಕಥೆಯಾಗಿ ಕಾಣುವುದು ಕಷ್ಟ.

ಕಥೆಯ ಬೇರು

ಚಿತ್ರದ ಹಿಂದೆ ಒಂದು ನಿಜ ಘಟನೆಯಿದೆ. 2015ರ ಆಗಸ್ಟ್ 18ರಂದು ದೋಹಾದಿಂದ ಕೊಚ್ಚಿಗೆ ಬರುತ್ತಿದ್ದ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ವಿಮಾನಕ್ಕೆ ಕೊಚ್ಚಿಯಲ್ಲಿ ರನ್‌ವೇ ಕಾಣಲಿಲ್ಲ. ಮೂರು ಸಲ ಇಳಿಯಲು ಯತ್ನಿಸಿ ಮೂರು ಸಲವೂ ಮೇಲೇರಿತು. ಬಳಿಕ ತಿರುವನಂತಪುರದತ್ತ ತಿರುಗಿತು. ಅಲ್ಲಿಯೂ ಮೂರು ಯತ್ನ ವಿಫಲವಾಗಿ ಏಳನೆಯದರಲ್ಲಿ ನೆಲ ಮುಟ್ಟಿತು. ಆಗ ಟ್ಯಾಂಕಿನಲ್ಲಿದ್ದ ಇಂಧನ ನಿಯಮದ ಮೀಸಲು ಮಟ್ಟಕ್ಕಿಂತ ಬಹಳ ಕೆಳಗಿತ್ತು. ಯಾರಿಗೂ ಏನೂ ಆಗಲಿಲ್ಲ. ಪೈಲಟ್‌ಗಳನ್ನು ಹಾರಾಟದಿಂದ ದೂರವಿರಿಸಿ ತನಿಖೆ ನಡೆಸಲಾಯಿತು.

ಇಂಥ ಸ್ಥಿತಿ ಏಕೆ ಬರುತ್ತದೆ ಎಂಬುದು ಗೊತ್ತಿದ್ದರೆ ಚಿತ್ರದ ಬಿಕ್ಕಟ್ಟು ಅರ್ಥವಾಗುತ್ತದೆ. ವಿಮಾನ ಹೊರಡುವಾಗ ಗುರಿ ತಲುಪಲು ಬೇಕಾದ ಇಂಧನದ ಜೊತೆಗೆ ಬದಲಿ ನಿಲ್ದಾಣಕ್ಕೆ ಹೋಗಲು ಸಾಕಾಗುವಷ್ಟು, ಅದರ ಮೇಲೆ ಕೊನೆಯ ಮೀಸಲಾಗಿ ಸುಮಾರು ಅರ್ಧ ಗಂಟೆ ಹಾರಲು ಬೇಕಾಗುವಷ್ಟು ಇಂಧನ ತುಂಬಿಸಿಕೊಂಡಿರುತ್ತದೆ. ಇಳಿಯುವ ಯತ್ನ ಕೈಬಿಟ್ಟು ಮೇಲೇರಿದಾಗಲೆಲ್ಲ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಒಂದೊಂದು ಸುತ್ತಿಗೂ ಬದಲಿ ನಿಲ್ದಾಣಗಳ ಪಟ್ಟಿ ಚಿಕ್ಕದಾಗುತ್ತ ಹೋಗುತ್ತದೆ. ಕೊಚ್ಚಿಯ ಮೇಲೆ ಸುತ್ತುವ ವಿಮಾನಕ್ಕೆ ತಿರುವನಂತಪುರ ಹತ್ತಿರ, ಆದರೆ ಅದೂ ಅದೇ ಕರಾವಳಿಯಲ್ಲಿ ಅದೇ ಮೋಡದ ಕೆಳಗಿದೆ. ಬೆಂಗಳೂರು ದೂರ, ಆದರೆ ಘಟ್ಟದ ಆಚೆಗಿರುವುದರಿಂದ ಅಲ್ಲಿ ಆಕಾಶ ತಿಳಿಯಾಗಿರುವ ಸಾಧ್ಯತೆ ಹೆಚ್ಚು. ಯಾವುದನ್ನು ಆರಿಸಿಕೊಳ್ಳಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಆರಿಸಿಕೊಳ್ಳಬೇಕು ಎಂಬುದೇ ಪ್ರಶ್ನೆ.

ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈ ಬಂತೆಂದರೆ ಬಜ್ಪೆಯಲ್ಲಿ ಇಳಿಯಬೇಕಾದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿದ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೊಲ್ಲಿ ದೇಶದಿಂದ ಬರುವವರನ್ನು ಕರೆತರಲು ಹೋದವರು ಆಗಮನ ದ್ವಾರದ ಬಳಿ ಕಾದು ಸುಸ್ತಾಗುವುದೂ ಮಳೆಗಾಲದ ಮಾಮೂಲಿ ಸಂಗತಿ.

ಒಂದೇ ಟಿಕೆಟಿನಲ್ಲಿ ಎರಡು ಸಿನಿಮಾ

ಚಿತ್ರ ಸುಮಾರು ಎರಡೂವರೆ ಗಂಟೆಯದು. ಮೊದಲರ್ಧದಲ್ಲಿ ನಾವು ಕಾಕ್‌ಪಿಟ್‌ನೊಳಗೆ ಇರುತ್ತೇವೆ. ದುಬೈನಿಂದ ಹೊರಟ ಕ್ಯಾಪ್ಟನ್ ವಿಕ್ರಾಂತ್ ಖನ್ನಾನಿಗೆ ಕೊಚ್ಚಿಯಲ್ಲಿ ಇಳಿಯಲಾಗುವುದಿಲ್ಲ. ಸಹ ಪೈಲಟ್ ಬೆಂಗಳೂರು ಎನ್ನುತ್ತಾಳೆ, ಆತ ತಿರುವನಂತಪುರ ಎನ್ನುತ್ತಾನೆ. ಅಲ್ಲಿ ಚಂಡಮಾರುತ ಕಾದಿರುತ್ತದೆ. ಗಾಜಿನ ಮೇಲೆ ಮಳೆ, ಇಂಧನದ ಮುಳ್ಳು, ಹಿಂದೆ ಕಿರುಚುವ ಪ್ರಯಾಣಿಕರು. ಕಟ್ಟುನಿಟ್ಟಾಗಿ ಕಟ್ಟಿದ ಭಾಗವಿದು. ತಕರಾರು ಮಾಡುವವರು ಕಡಿಮೆ.

ವಿಮಾನ ಇಳಿಯುತ್ತದೆ. ಅಲ್ಲಿಂದ ಚಿತ್ರವೇ ಬೇರೆ. ತನಿಖಾಧಿಕಾರಿ ನಾರಾಯಣ್ ವೇದಾಂತ್ ಶುದ್ಧ ಹಿಂದಿಯಲ್ಲಿ ಪ್ರಶ್ನೆಗಳ ಮಳೆಗರೆಯುತ್ತಾನೆ. ಕ್ಯಾಪ್ಟನ್ ಕುಳಿತು ಉತ್ತರಿಸುತ್ತಾನೆ. ಮೊದಲರ್ಧದ ಪ್ರಶ್ನೆ ‘ಇವರು ಉಳಿಯುತ್ತಾರೆಯೇ?’ ಎಂಬುದಾದರೆ ಎರಡನೆಯ ಅರ್ಧದ್ದು ‘ಈತ ಮಾಡಿದ್ದು ಸರಿಯೇ?’ ಎಂಬುದು. ಮೊದಲನೆಯ ಪ್ರಶ್ನೆಗೆ ಗಡಿಯಾರವಿದೆ. ಇಂಧನ ಮುಗಿಯುವುದರೊಳಗೆ ಉತ್ತರ ಸಿಗಲೇಬೇಕು. ಎರಡನೆಯದಕ್ಕೆ ಅಂಥ ಗಡುವಿಲ್ಲ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ವಾದದ ಬಲ. ಆ ಬಲ ಇಲ್ಲದಿದ್ದಾಗ ಪ್ರೇಕ್ಷಕ ಸೀಟಿನಲ್ಲಿ ಮಗ್ಗುಲು ಬದಲಾಯಿಸತೊಡಗುತ್ತಾನೆ.

ಎತ್ತು ಏರಿಗೆ, ಕೋಣ ನೀರಿಗೆ

ಈ ಚಿತ್ರದ ಬಗ್ಗೆ ಕೇಳಿಬರುವ ಮಾತುಗಳನ್ನು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ಎರಡು ಗುಂಪು ಮಾಡಿದರೆ ಏನೂ ತಿಳಿಯುವುದಿಲ್ಲ. ಹೆಚ್ಚು ದನಿಯೆತ್ತುವವರು ಮಧ್ಯಂತರಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು ಎನ್ನುವವರು. ವಿಮಾನದ ರೋಚಕ ಚಿತ್ರಕ್ಕೆಂದು ಹಣ ಕೊಟ್ಟವರಿಗೆ ಮೇಜು, ಕುರ್ಚಿ, ಕಡತಗಳನ್ನು ತೋರಿಸಿದರು ಎಂಬುದು ಅವರ ದೂರು. ಈ ದೂರಿಗೆ ಆಧಾರವಿದೆ. ಪ್ರಚಾರದ ತುಣುಕುಗಳು ಮಾರಿದ್ದು ಆಕಾಶವನ್ನೇ.

ವಿಮಾನಯಾನದ ಒಳಗುಟ್ಟು ಬಲ್ಲವರ ಸಿಟ್ಟು ಬೇರೆ ತೆರನಾದದ್ದು. ಕಾಕ್‌ಪಿಟ್‌ನಲ್ಲಿ ಸಿಗರೇಟು ಸೇದುವ, ಕಣ್ಣು ಮುಚ್ಚಿಕೊಂಡು ನೆನಪಿನ ಬಲದಿಂದಲೇ ವಿಮಾನ ಇಳಿಸುವ ಕ್ಯಾಪ್ಟನ್ ಅವರಿಗೆ ವೃತ್ತಿಗೆ ಮಾಡಿದ ಅವಮಾನವಾಗಿ ಕಂಡ. ಭಾರತೀಯ ಪೈಲಟ್‌ಗಳ ಒಕ್ಕೂಟವೂ ಬಿಡುಗಡೆಯ ಬೆನ್ನಲ್ಲೇ ಬಹಿರಂಗವಾಗಿ ಆಕ್ಷೇಪಿಸಿತು. ಪೈಲಟ್‌ಗಳ ಕೆಲಸ ಹೀಗಿರುವುದಿಲ್ಲ, ಇಂಥ ಚಿತ್ರಣ ಪ್ರಯಾಣಿಕರಲ್ಲಿ ಭಯ ಹುಟ್ಟಿಸುತ್ತದೆ ಎಂಬುದು ಅದರ ನಿಲುವು. ‘ಸಿನಿಮಾದಲ್ಲಿ ತರ್ಕ ಹುಡುಕಬಾರದು’ ಎನ್ನುವವರು ಇವರಿಗೆ ಉತ್ತರ ಕೊಡುತ್ತಾರೆ. ಅವರದು ಹಳೆಯ ವಾದ, ಅದಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ರೋಚಕ ಚಿತ್ರವೊಂದು ತಾನೇ ಹಾಕಿಕೊಂಡ ನಿಯಮಗಳನ್ನಾದರೂ ಪಾಲಿಸಬೇಕಲ್ಲ. ಇಷ್ಟೇ ಇಂಧನ, ಇಷ್ಟೇ ಹೊತ್ತು ಎಂದು ಅಂಕಿ ತೋರಿಸಿ ಹೆದರಿಸಿದ ಮೇಲೆ ತರ್ಕ ಕೇಳಬೇಡಿ ಎಂದರೆ ಆಗದು.

ಇನ್ನೊಂದು ಚಿಕ್ಕ ಗುಂಪಿದೆ. ಅವರಿಗೆ ಎರಡನೆಯ ಅರ್ಧವೇ ಚಿತ್ರದ ಜೀವ. ವಿಮಾನ ಇಳಿದ ಕೂಡಲೇ ಚಪ್ಪಾಳೆ ತಟ್ಟಿ ಮನೆಗೆ ಕಳಿಸುವ ಚಿತ್ರಗಳು ಸಾಕಷ್ಟಿವೆ, ಇದಾದರೂ ಲೆಕ್ಕ ಕೇಳಿತಲ್ಲ ಎನ್ನುತ್ತಾರೆ. ಕರಾವಳಿಯಲ್ಲಿ ಈ ಮಾತಿಗೆ ಬೇರೆಡೆಗಿಂತ ಹೆಚ್ಚಿನ ಅರ್ಥವಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಬಜ್ಪೆಯನ್ನು ಬಲ್ಲವರು ನೋಡುವ ಬಗೆ

2010ರ ಮೇ 22ರ ಬೆಳಗಿನ ಜಾವ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ತುದಿ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಜನ ಸತ್ತರು, ಎಂಟು ಜನ ಬದುಕುಳಿದರು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ಮಂಡಳಿ ಅದೇ ವರ್ಷ ವರದಿ ಕೊಟ್ಟಿತು. ಅದನ್ನು ಓದಿದವರಿಗೆ ವಿಮಾನದ ಯಾವ ಚಿತ್ರವೂ ಮೊದಲಿನಂತೆ ಕಾಣದು.

ವರದಿ ಕಂಡುಕೊಂಡ ಕಾರಣಗಳ ಸರಪಳಿಯನ್ನು ಒಂದೊಂದಾಗಿ ನೋಡಬೇಕು. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ಎಂದಿಗಿಂತ ತಡವಾಗಿ ಸಿಕ್ಕಿತು. ತಡವಾದುದರಿಂದ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿ ಉಳಿಯಿತು. ರಾತ್ರಿ ಹಾರಾಟದಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ರಿಸಿದ್ದರು. ಗೊರಕೆಯ ಸದ್ದು ಧ್ವನಿಮುದ್ರಿಕೆಯಲ್ಲಿ ಉಳಿದಿತ್ತು. ಎಚ್ಚರವಾದ ಮೇಲೂ ಮಂಪರು ಹರಿಯದ ಮನಸ್ಸು ಸರಿಯಾಗಿ ತೂಗಿ ನೋಡಲಾರದು ಎಂದು ವರದಿ ಗುರುತಿಸಿತು. ಎತ್ತರ ಕಳೆದುಕೊಳ್ಳಲು ವಿಮಾನವನ್ನು ಕಡಿದಾಗಿ ಇಳಿಸಬೇಕಾಯಿತು, ವೇಗ ಹೆಚ್ಚಾಯಿತು. ಕಾಕ್‌ಪಿಟ್‌ನ ಯಂತ್ರ ಎಚ್ಚರಿಸುತ್ತಲೇ ಇತ್ತು. ಸಹ ಪೈಲಟ್ ಗೋ ಅರೌಂಡ್ ಎಂದು, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರೋಣ ಎಂದು, ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ.

2,450 ಮೀಟರ್ ಉದ್ದದ ರನ್‌ವೇಯಲ್ಲಿ ವಿಮಾನದ ಗಾಲಿ ನೆಲ ಕಚ್ಚಿದ್ದು ಸುಮಾರು 1,585 ಮೀಟರ್ ದಾಟಿದ ಮೇಲೆ. ಆಗಲೂ ಪೂರ್ಣ ಬಲದಿಂದ ಬ್ರೇಕ್ ಹಾಕಿದ್ದರೆ ನಿಲ್ಲಿಸಬಹುದಿತ್ತು ಎಂದು ವರದಿ ಹೇಳಿತು. ಆದರೆ ವೇಗ ತಗ್ಗಿಸುವ ಕ್ರಮ ಶುರುವಾದ ಮೇಲೆ ಮತ್ತೆ ಮೇಲೇರುವ ಯತ್ನ ನಡೆಯಿತು. ರನ್‌ವೇಯ ಆಚೆಗಿದ್ದ ಆಂಟೆನಾದ ಆಧಾರಕ್ಕೆ ರೆಕ್ಕೆ ಬಡಿಯಿತು. ಅಲ್ಲಿಂದ ಮುಂದೆ ನೆಲವೇ ಇರಲಿಲ್ಲ.

ಈಗ ಚಿತ್ರಕ್ಕೆ ಮರಳಿ. ಅಲ್ಲಿಯೂ ಸಹ ಪೈಲಟ್ ಒಂದು ಹೇಳುತ್ತಾಳೆ, ಕ್ಯಾಪ್ಟನ್ ಇನ್ನೊಂದು ಮಾಡುತ್ತಾನೆ. ಆದರೆ ಚಿತ್ರ ಕ್ಯಾಪ್ಟನ್ನನ ಹಟವನ್ನು ಪ್ರತಿಭೆಯೆಂದು ತೋರಿಸುತ್ತದೆ. ಒಮ್ಮೆ ನೋಡಿದ್ದನ್ನು ಮರೆಯದ ಅಸಾಮಾನ್ಯ ನೆನಪಿನ ಶಕ್ತಿಯನ್ನೂ ಆತನಿಗೆ ಕೊಟ್ಟಿದೆ. ಸಹ ಪೈಲಟ್‌ಗೆ ಉಳಿಯುವುದು ಹೆದರುವ ಕೆಲಸ, ಆಮೇಲೆ ತನಿಖೆಯಲ್ಲಿ ಬೆವರುವ ಕೆಲಸ. ಮುಂಬೈಯಲ್ಲೋ ದೆಹಲಿಯಲ್ಲೋ ಇದು ನಾಯಕನ ಚಿತ್ರದ ಮಾಮೂಲಿ ಸೂತ್ರವಾಗಿ ಕಂಡೀತು. ಎಡಗಡೆ ಸೀಟಿನ ಕ್ಯಾಪ್ಟನ್ ಬಲಗಡೆ ಸೀಟಿನ ಸಹ ಪೈಲಟ್‌ನ ಮಾತು ಕೇಳದೆ ಇಳಿಸಹೊರಟದ್ದೇ 158 ಜೀವ ತೆಗೆದ ದುರಂತಕ್ಕೆ ನೇರ ಕಾರಣ ಎಂದು ಅಧಿಕೃತ ವರದಿಯಲ್ಲೇ ಓದಿಕೊಂಡ ಊರಿನಲ್ಲಿ ಅದೇ ದೃಶ್ಯ ಬೇರೆಯಾಗಿ ನಾಟುತ್ತದೆ. ಚಿತ್ರ ಎಲ್ಲಿ ಶಿಳ್ಳೆ ನಿರೀಕ್ಷಿಸುತ್ತದೆಯೋ ಅಲ್ಲಿ ಇಲ್ಲಿನ ಕೆಲವರಿಗೆ ಇರಿಸುಮುರಿಸಾಗುವುದು ಇದರಿಂದಲೇ. ಇದು ತಾಂತ್ರಿಕ ತಪ್ಪಿನ ದೂರಲ್ಲ, ಚಿತ್ರ ಯಾರ ಪರ ನಿಂತಿತು ಎಂಬುದರ ದೂರು.

ಕಾಕ್‌ಪಿಟ್‌ನಲ್ಲಿ ಹಿರಿಯರ ಮಾತೇ ಅಂತಿಮ ಎಂಬ ಪದ್ಧತಿಯನ್ನು ಮುರಿಯಲು ವಿಮಾನಯಾನ ಸಂಸ್ಥೆಗಳು ದಶಕಗಳಿಂದ ತರಬೇತಿ ಕೊಡುತ್ತಿವೆ. ಕಿರಿಯ ಪೈಲಟ್ ಸ್ಪಷ್ಟವಾಗಿ ಎಚ್ಚರಿಸಬೇಕು, ಕೇಳದಿದ್ದರೆ ವಿಮಾನದ ನಿಯಂತ್ರಣವನ್ನೇ ಕೈಗೆತ್ತಿಕೊಳ್ಳಬೇಕು ಎಂಬಲ್ಲಿಯವರೆಗೆ ಅದು ಹೋಗುತ್ತದೆ. ಗೋ ಅರೌಂಡ್ ಮಾಡಿದವರನ್ನು ತಪ್ಪಿತಸ್ಥರಂತೆ ನೋಡಬಾರದು ಎಂಬುದೂ ಈಗ ಒಪ್ಪಿತ ತತ್ವ. ಇಷ್ಟೆಲ್ಲ ಬೆವರು ಹರಿಸಿ ಕಟ್ಟಿದ್ದಕ್ಕೆ ನೇರ ವಿರುದ್ಧವಾದ ನಾಯಕನನ್ನು ತೆರೆಯ ಮೇಲೆ ನಿಲ್ಲಿಸಿದರೆ ಪೈಲಟ್‌ಗಳು ಸುಮ್ಮನಿರುವುದು ಹೇಗೆ?

ಮಾತು ಹೆಚ್ಚಾಯಿತೇ?

ಎರಡನೆಯ ಅರ್ಧದಲ್ಲಿ ಮಾತೇ ಮಾತು, ಅದಕ್ಕೇ ಬೇಸರ ಎನ್ನುವ ವಿವರಣೆ ಸುಲಭವಾಗಿ ಸಿಗುತ್ತದೆ. ಕರಾವಳಿಯ ಮಟ್ಟಿಗಂತೂ ಅದು ನಿಲ್ಲದು. ಯಾವ ವೇಷ, ಕುಣಿತವೂ ಇಲ್ಲದೆ ಇಬ್ಬರು ಮೂವರು ಅರ್ಥಧಾರಿಗಳು ಕುಳಿತು ವಾದಿಸುವುದನ್ನು ಗಂಟೆಗಟ್ಟಲೆ ಕೇಳುವ ಜನ ಇವರು. ತಾಳಮದ್ದಳೆಯ ‘ವಾಲಿವಧೆ’ಯಲ್ಲಿ ಕೊನೆ ಏನೆಂದು ಗೊತ್ತಿಲ್ಲದವರು ಯಾರೂ ಇರುವುದಿಲ್ಲ. ಬಾಣ ಆಗಲೇ ಬಿದ್ದಾಗಿದೆ. ಆದರೂ ಸಭೆ ಏಳುವುದಿಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳಬೇಕು, ರಾಮ ಉತ್ತರಿಸಬೇಕು, ಆ ಉತ್ತರವನ್ನು ವಾಲಿ ಮತ್ತೆ ಹಿಂಜಬೇಕು. ನೋಡಿದರೆ ಅದೂ ಘಟನೆ ನಡೆದ ಮೇಲಿನ ತನಿಖೆಯೇ. ರಾಮನೆಂಬ ಕಾರಣಕ್ಕೆ ರಾಮನಿಗೆ ರಿಯಾಯಿತಿ ಸಿಗುವುದಿಲ್ಲ. ಸಮರ್ಥ ಅರ್ಥಧಾರಿ ವಾಲಿಯಾಗಿದ್ದ ದಿನ ರಾಮನ ಪಾತ್ರಧಾರಿಯ ಪಾಡು ಕಠಿಣವೇ.

ಚಿತ್ರದ ತನಿಖೆಯಲ್ಲಿ ಕೊರತೆಯಾದದ್ದು ಇದೇ. ನಾರಾಯಣ್ ವೇದಾಂತ್‌ಗೆ ದನಿಯಿದೆ, ಗತ್ತಿದೆ, ಭಾಷೆಯಿದೆ, ಆದರೆ ಆತನ ಪ್ರಶ್ನೆಗಳಿಗೆ ಹಲ್ಲಿಲ್ಲ. ಕ್ಯಾಪ್ಟನ್ ಸರಿಯೆಂದು ಚಿತ್ರಕಥೆ ಮೊದಲೇ ತೀರ್ಮಾನಿಸಿ ಕುಳಿತಿದೆ. ಬೆಂಗಳೂರಿಗೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ನಿಜಕ್ಕೂ ಕಷ್ಟದ್ದು. ಅದನ್ನು ಕೊನೆತನಕ ಹಿಡಿದು ಕುಳಿತಿದ್ದರೆ ಕ್ಯಾಪ್ಟನ್‌ಗೂ ಬರಹಗಾರರಿಗೂ ಬೆವರಿಳಿಯುತ್ತಿತ್ತು. ಅದರ ಬದಲು ಚಿತ್ರ ಮೆರೆಯುವ ಮಾತುಗಳತ್ತ, ಒಂದು ಕೊನೆಯ ಚಮತ್ಕಾರದ ಸಾಬೀತಿನತ್ತ ಜಾರುತ್ತದೆ. ಮಾತು ಹೆಚ್ಚಾಗಿ ಬೇಸರ ಬಂದದ್ದಲ್ಲ, ಎದುರಾಳಿ ಸಪ್ಪೆಯಾದುದರಿಂದ ಬಂದದ್ದು.

ತನಿಖೆಯ ಸ್ವರೂಪವನ್ನೂ ಚಿತ್ರ ತಿರುಚಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧದ ಪ್ರಕಾರ ಅಪಘಾತ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು. ತಪ್ಪು ಹೊರಿಸುವುದು ಅದರ ಕೆಲಸವಲ್ಲ. ಮಂಗಳೂರು ದುರಂತದ ಬಳಿಕ 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೋ ನಡೆಯಬೇಕಾದದ್ದೂ ಇದೇ ತತ್ವದ ಮೇಲೆ. ತೆರೆಯ ಮೇಲಿನ ತನಿಖಾಧಿಕಾರಿಯಾದರೋ ಸರ್ಕಾರಿ ವಕೀಲನಂತೆ ಗುಡುಗುತ್ತಾನೆ. ರಾಡಾರ್ ಕೆಟ್ಟದ್ದು, ನಿದ್ದೆ, ತಡವಾದ ಅನುಮತಿ, ರನ್‌ವೇಯ ಆಚೆಗಿದ್ದ ಆಂಟೆನಾದ ಆಧಾರ ಎಂದು ನಿಜವಾದ ತನಿಖೆ ಕೊಂಡಿಗಳನ್ನು ಹುಡುಕಿದರೆ ಚಿತ್ರದ ತನಿಖೆ ಒಬ್ಬ ಮನುಷ್ಯನ ಮುಖವನ್ನೇ ದಿಟ್ಟಿಸುತ್ತದೆ. ಆತ ಅಪರಾಧಿ ಅಥವಾ ವೀರ, ನಡುವೆ ಮೂರನೆಯದಿಲ್ಲ.

ತಾಂತ್ರಿಕ ತಪ್ಪುಗಳಿಗೆ ಎಷ್ಟು ತೂಕ?

ಹೆಸರಿನಿಂದಲೇ ಶುರು ಮಾಡಬಹುದು. ರನ್‌ವೇಯ ಸಂಖ್ಯೆ ಮನಬಂದಂತೆ ಇಟ್ಟದ್ದಲ್ಲ. ರನ್‌ವೇ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಸೂಚಿಯ ಕೋನವನ್ನು ಹತ್ತಿರದ ಹತ್ತಕ್ಕೆ ಸರಿಪಡಿಸಿ ಕೊನೆಯ ಸೊನ್ನೆ ಬಿಟ್ಟರೆ ಅದೇ ಸಂಖ್ಯೆ. 34 ಎಂದರೆ ಸುಮಾರು 340 ಡಿಗ್ರಿ. ಅದೇ ಪಟ್ಟಿಯನ್ನು ಇನ್ನೊಂದು ತುದಿಯಿಂದ ನೋಡಿದರೆ 18 ಕಡಿಮೆಯಾಗಿ 16 ಆಗುತ್ತದೆ. ಬಜ್ಪೆಯ ಹಳೆಯ ರನ್‌ವೇ 09 ಮತ್ತು 27. ದುರಂತ ನಡೆದ ಹೊಸ ರನ್‌ವೇ 06 ಮತ್ತು 24. ತಿರುವನಂತಪುರದ್ದು 14 ಮತ್ತು 32. ಅಲ್ಲಿ 34 ಎಂಬುದೇ ಇಲ್ಲ.

ಇದು ಕ್ಷಮಿಸಬಹುದಾದ ಸ್ವಾತಂತ್ರ್ಯ. ಕಥೆಗೆ ಹಾನಿಯಿಲ್ಲ. ಸಿಗರೇಟಿನ ವಿಷಯ ಹಾಗಲ್ಲ, ಅದು ಪಾತ್ರವನ್ನೇ ಬದಲಾಯಿಸುತ್ತದೆ. ಇಲ್ಲೊಂದು ತಮಾಷೆಯೂ ಇದೆ. ತೆರೆಯ ಮೇಲೆ ಹೊಗೆ ಕಂಡರೆ ಕೆಳಗೆ ಧೂಮಪಾನ ಹಾನಿಕರ ಎಂಬ ಸಾಲು ಬರಲೇಬೇಕು, ಕಾನೂನು ಹಾಗೆ ಹೇಳುತ್ತದೆ. ವಿಮಾನದೊಳಗೆ ಸೇದುವುದೇ ನಿಷಿದ್ಧ ಎಂಬ ಸಾಲನ್ನು ಯಾರೂ ಕೇಳುವುದಿಲ್ಲ. ನೋಡುವವನ ಶ್ವಾಸಕೋಶದ ಬಗ್ಗೆ ಇರುವ ಕಾಳಜಿ ವಿಮಾನದ ಬಗ್ಗೆ ಇಲ್ಲ.

ವೃತ್ತಿಪರರ ಆಕ್ಷೇಪಣೆಯಿಂದ ಚಿತ್ರ ಸೋಲುತ್ತದೆ ಎಂದುಕೊಳ್ಳಬೇಕಾಗಿಲ್ಲ. 2005ರಲ್ಲಿ ‘ಫ್ಲೈಟ್‌ಪ್ಲಾನ್’ ಎಂಬ ಹಾಲಿವುಡ್ ಚಿತ್ರವನ್ನು ಬಹಿಷ್ಕರಿಸಿ ಎಂದು ಅಮೆರಿಕದ ಗಗನಸಖಿಯರ ಸಂಘಟನೆಗಳು ಕರೆ ಕೊಟ್ಟಿದ್ದವು. ವಿಮಾನ ಸಿಬ್ಬಂದಿಯನ್ನು ಕಲ್ಲು ಹೃದಯದವರಂತೆ, ಅಪರಾಧಿಗಳಂತೆ ತೋರಿಸಿದ್ದಾರೆ ಎಂಬುದು ಅವರ ದೂರು. ಚಿತ್ರದ ಸಂಚು ನಂಬುವಂತಿಲ್ಲ ಎಂದು ವಿಮರ್ಶಕರೂ ಕಿಡಿಕಾರಿದ್ದರು. ಆದರೂ ಅದು ಜಗತ್ತಿನಾದ್ಯಂತ 20 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಹಾರಾಟದ ಉಸಿರುಗಟ್ಟಿಸುವ ಭಾಗವನ್ನು ಕೊನೆತನಕ ಎಳೆದುಕೊಂಡು ಹೋದದ್ದು ಅದಕ್ಕೆ ನೆರವಾಯಿತು. ‘ರನ್‌ವೇ 34’ ಆ ಅನುಕೂಲವನ್ನು ತಾನಾಗಿ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದು ಧೈರ್ಯವೇ. ಆ ಜಾಗದಲ್ಲಿ ತಂದಿಟ್ಟದ್ದು ಸಾಲದಾಯಿತು.

ನಕ್ಷತ್ರಗಳ ಲೆಕ್ಕ ದಾರಿ ತಪ್ಪಿಸುವುದು ಹೀಗೆ

ಐದರಲ್ಲಿ ಮೂರು ನಕ್ಷತ್ರ ಎಂದರೆ ಸಾಧಾರಣ ಚಿತ್ರ ಎಂದು ಅರ್ಥೈಸುವುದು ರೂಢಿ. ಎಲ್ಲರೂ ಮೂರು ಕೊಟ್ಟರೂ ಸರಾಸರಿ ಮೂರು. ಅರ್ಧ ಜನ ಐದು, ಅರ್ಧ ಜನ ಒಂದು ಕೊಟ್ಟರೂ ಅದೇ ಮೂರು. ಒಡೆದ ಅಭಿಪ್ರಾಯವನ್ನು ಸರಾಸರಿ ಮುಚ್ಚಿಹಾಕುತ್ತದೆ. ಅದರಲ್ಲೂ ಚಿತ್ರವೇ ಎರಡು ಹೋಳಾಗಿರುವಾಗ ಒಬ್ಬನೇ ಪ್ರೇಕ್ಷಕ ಮೊದಲರ್ಧಕ್ಕೆ ನಾಲ್ಕು, ಎರಡನೆಯದಕ್ಕೆ ಎರಡು ಎಂದು ಮನಸ್ಸಿನಲ್ಲೇ ಕೂಡಿಸಿ ಭಾಗಿಸಿರುತ್ತಾನೆ.

ನೋಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಮಾಲ್‌ನಲ್ಲೋ ಮಣಿಪಾಲದಲ್ಲೋ ಟಿಕೆಟ್, ತಿಂಡಿ, ಪಾರ್ಕಿಂಗ್ ಎಂದು ಕುಟುಂಬ ಸಮೇತ ಖರ್ಚು ಮಾಡಿ ಕುಳಿತವನಿಗೆ ಕೊನೆಯ ಗಂಟೆ ನಿರಾಸೆ ತಂದರೆ ಇಡೀ ಸಂಜೆ ಹಾಳಾದಂತೆ. ಅದೇ ಚಿತ್ರವನ್ನು ಮನೆಯಲ್ಲಿ ಒಟಿಟಿಯಲ್ಲಿ ನೋಡುವವನು ವಿಮಾನ ಇಳಿದ ಮೇಲೆ ನಿಲ್ಲಿಸಿ ಊಟ ಮಾಡಿ ಮರುದಿನ ಮುಂದುವರಿಸಬಹುದು, ಮುಂದುವರಿಸದೆಯೂ ಇರಬಹುದು. ಚಿತ್ರಮಂದಿರದಲ್ಲಿ ಸೋತ ಚಿತ್ರಕ್ಕೆ ಮನೆಯಲ್ಲಿ ಮೆಚ್ಚುಗೆ ಸಿಗುವುದರಲ್ಲಿ ರಹಸ್ಯವೇನಿಲ್ಲ. ಬೆಲೆ ಬೇರೆ, ತಾಳ್ಮೆ ಬೇರೆ.

ಪರಿಣಾಮಗಳೇನು?

ನಿರ್ಮಾಪಕರು ಇಂಥ ಸೋಲಿನಿಂದ ಸಾಮಾನ್ಯವಾಗಿ ತಪ್ಪು ಪಾಠವನ್ನೇ ಕಲಿಯುತ್ತಾರೆ. ‘ತನಿಖೆ ಓಡುವುದಿಲ್ಲ, ಆಕಾಶ ಓಡುತ್ತದೆ’ ಎಂಬ ತೀರ್ಮಾನಕ್ಕೆ ಬಂದರೆ ಮುಂದಿನ ವಿಮಾನ ಚಿತ್ರಗಳಲ್ಲಿ ಅಪಹರಣಕಾರರು, ಬಾಂಬು, ಕುಸ್ತಿ ಹೆಚ್ಚಾಗಿ, ಲೆಕ್ಕ ಕೇಳುವ ಭಾಗ ಪೂರ್ತಿ ಮಾಯವಾಗಬಹುದು. ಪೈಲಟ್‌ಗಳ ಆಕ್ಷೇಪಣೆಯಿಂದ ಚಿತ್ರಗಳು ತಿದ್ದಿಕೊಳ್ಳುವ ಸಾಧ್ಯತೆಯೂ ಕಡಿಮೆ. ಚಲನಚಿತ್ರ ಪ್ರಮಾಣಪತ್ರ ಮಂಡಳಿ ವಿಮಾನಯಾನದ ನಿಖರತೆಯನ್ನು ನೋಡುವ ಸಂಸ್ಥೆಯಲ್ಲ. ಹೆಚ್ಚೆಂದರೆ ಕಾಲ್ಪನಿಕ ಎಂಬ ಒಂದು ಸಾಲು ಆರಂಭದಲ್ಲಿ ಸೇರಿಕೊಂಡೀತು.

ಪ್ರಯಾಣಿಕರ ಮನಸ್ಸಿನ ಮೇಲಾಗುವ ಪರಿಣಾಮ ಇದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ವಿಮಾನ ಬಜ್ಪೆಯ ಮೇಲೆ ಎರಡು ಸುತ್ತು ಹಾಕಿ ಬೆಂಗಳೂರಿಗೆ ತಿರುಗಿದರೆ ಒಳಗೆ ಗೊಣಗಾಟ ಶುರುವಾಗುತ್ತದೆ. ಮದುವೆ ತಪ್ಪುತ್ತದೆ, ಬಸ್ಸಿನ ಖರ್ಚು ಮೈಮೇಲೆ ಬರುತ್ತದೆ, ಸಿಟ್ಟು ಸಹಜ. ಆದರೆ ಹಾಗೆ ತಿರುಗಿಸಿದ ಕ್ಯಾಪ್ಟನ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆ. ಬಿರುಗಾಳಿ ಸೀಳಿ ಇಳಿಸುವವನೇ ಗಂಡುಗಲಿ ಎಂಬ ಚಿತ್ರ ತಲೆಯಲ್ಲಿ ಕುಳಿತಷ್ಟೂ ಸುರಕ್ಷಿತ ನಿರ್ಧಾರ ಪುಕ್ಕಲುತನದಂತೆ ಕಾಣತೊಡಗುತ್ತದೆ.

ಅಹಮದಾಬಾದ್ ಪ್ರಕರಣದಲ್ಲಿ ಈ ಮನೋಭಾವದ ಇನ್ನೊಂದು ಮುಖ ಕಂಡಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕಿದ್ದು ಒಬ್ಬರೇ. ಒಂದು ತಿಂಗಳ ಬಳಿಕ ಬಂದ ಪ್ರಾಥಮಿಕ ವರದಿ, ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಹಾರಾಟ ಶುರುವಾದ ಕೆಲವೇ ಕ್ಷಣಗಳಲ್ಲಿ ಒಂದರ ಹಿಂದೆ ಒಂದರಂತೆ ಬಂದ್ ಸ್ಥಿತಿಗೆ ಹೋದವು ಎಂದಿತು. ಏಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದೂ, ತಾನು ಮಾಡಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದ್ದೂ ಅದರಲ್ಲಿತ್ತು. ಏಕೆ ಹೀಗಾಯಿತು ಎಂಬುದಕ್ಕೆ ಆ ವರದಿ ಉತ್ತರ ಕೊಟ್ಟಿರಲಿಲ್ಲ, ಕೊಡುವ ಹಂತವೂ ಅದಾಗಿರಲಿಲ್ಲ. ಆದರೆ ಸಂಜೆಯೊಳಗೆ ಟಿವಿ ಚರ್ಚೆಗಳಲ್ಲಿ, ಮೊಬೈಲ್ ಗುಂಪುಗಳಲ್ಲಿ ತೀರ್ಪುಗಳು ಹೊರಬಿದ್ದಿದ್ದವು. ಅಪರಾಧಿ ಅಥವಾ ವೀರ ಎಂಬ ಎರಡೇ ಪಾತ್ರಗಳಿಗೆ ಒಗ್ಗಿಕೊಂಡ ಕಣ್ಣಿಗೆ ಕೊಂಡಿಗಳ ಸರಪಳಿ ಬೇಸರದ ಸರಕು.

ಮಂಗಳೂರಿಗೆ ಆ ಬೇಸರ ದಾಟುವುದಕ್ಕೆ ವರ್ಷಗಳೇ ಹಿಡಿದವು. ಪರಿಹಾರದ ಮೊತ್ತ ಹೇಗೆ ಲೆಕ್ಕ ಹಾಕಬೇಕೆಂಬ ವ್ಯಾಜ್ಯ ಕೇರಳ ಹೈಕೋರ್ಟ್ ದಾಟಿ ಹೋಯಿತು, ಒಂದು ಕುಟುಂಬದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2020ರಲ್ಲಿ, ಅಂದರೆ ದುರಂತದ ಹತ್ತು ವರ್ಷಗಳ ಬಳಿಕ. ಹಾರಾಟ ಮುಗಿದ ಮೇಲೆ ನಡೆಯುವುದೇ ನಿಜವಾದ ದೀರ್ಘ ಕಥೆ ಎಂದು ಇಲ್ಲಿನ ಒಂದಷ್ಟು ಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ರನ್‌ವೇ 34’ರ ಎರಡನೆಯ ಅರ್ಧವನ್ನು ಸಮರ್ಥಿಸುವವರಲ್ಲೂ ಅದನ್ನು ಕಂಡು ಕೆರಳುವವರಲ್ಲೂ ಆ ಅನುಭವದ ನೆರಳಿದೆ.

2010ರ ವರದಿ ಸಾರ್ವಜನಿಕ ದಾಖಲೆ, ಬೇಕಾದವರು ಓದಬಹುದು. ಕೆಟ್ಟ ರಾಡಾರ್, ನಿದ್ದೆಗಣ್ಣು, ಮೂರು ಸಲ ಹೇಳಿದರೂ ಕೇಳಿಸದ ಮಾತು, ಇಷ್ಟೇ ಸಾಕು ಒಂದು ಗಟ್ಟಿ ಚಿತ್ರಕಥೆಗೆ. ಅದನ್ನು ಮಾಡಹೊರಡುವವರು ಮೊದಲು ಕುಟುಂಬಗಳ ಒಪ್ಪಿಗೆ ಪಡೆಯಬೇಕು, ಆಮೇಲೆ ನಾಯಕನೇ ಇಲ್ಲದ ಕಥೆಗೆ ಹಣ ಹಾಕುವವರನ್ನು ಹುಡುಕಬೇಕು.